ಅಮ್ಮನ ರಜೆ, ಮಂಜನ ರಜೆ

“ಹಸಿರು ಟಿಕ್ ಬಿದ್ದಿತ್ತು ಕಣಣ್ಣ!” ಹಾಸನದ ಎನ್.ಆರ್. ವೃತ್ತದ ಹೋಟೆಲಲ್ಲಿ ಮಂಜ ಫೋನನ್ನು ಕಾಫಿ ಲೋಟದ ಪಕ್ಕ ಕುಕ್ಕಿದ. “ತಂಗಿ ಮಗೂಗೆ ಧರ್ಮಸ್ಥಳದಲ್ಲಿ ಮುಡಿ. ಕಂಪನಿ ಆ್ಯಪಲ್ಲಿ 5 ದಿನ ರಜೆ ಸ್ಯಾಂಕ್ಷನ್ ಆಗಿತ್ತು. ಇವತ್ತು ನೋಡಿದ್ರೆ ಕೆಂಪು ಇಂಟು. ಕೆಳಗೆ ‘ನಾವೆಲ್ಲ ಒಂದೇ ಕುಟುಂಬ, ಸಹಕರಿಸಿ’ ಅಂತ ಕೈ ಮುಗಿಯೋ ಗೊಂಬೆ ಬೇರೆ.”

“ಕುಟುಂಬ ಅಂದದ್ದು ಸರೀನೇ,” ವೆಂಕಣ್ಣ ಎರಡನೇ ವಡೆಗೆ ಕೈ ಹಾಕಿದ. “ತವರಿಗೆ ಹೊರಟ ಸೊಸೆ ಚಪ್ಪಲಿ ಮೆಟ್ಟಿದ ಮೇಲೆ ‘ರಾಗಿ ಬೀಸಿಟ್ಟು ಹೋಗಮ್ಮ’ ಅನ್ನೋ ಕುಟುಂಬ.”

“ಶಿಪ್‌ಮೆಂಟ್ ಅರ್ಜೆಂಟಿದ್ರೆ ಕಂಪನಿಯೋರು ಏನ್ಮಾಡ್ಬೇಕು?” ಅಂದ ಕಿಟ್ಟಿ. “ಅಷ್ಟಿದ್ರೆ ಹೇಳ್ದೇ ಹೋಗ್ಬಿಡು.”

“ಹೋದ್ರೆ ಕೆಟ್ಟ,” ಅಂದ ವೆಂಕಣ್ಣ. “ರದ್ದಾದ ಮೇಲೆ ಹೋದದ್ದು ಗೈರುಹಾಜರಿ, ನೋಟೀಸು ಇವನಿಗೇ ಬರುತ್ತೆ. ಹಸಿರು ಟಿಕ್ಕಿನ ಸ್ಕ್ರೀನ್‌ಶಾಟ್ ಇದೆಯೇನೋ ಮಂಜ?”

“ಇಲ್ಲಣ್ಣ. ಆ್ಯಪಲ್ಲೇ ಇತ್ತಲ್ಲ ಅಂತ…”

“ಆ್ಯಪು ಅವರದು. ಹಸಿರೂ ಅವರದೇ, ಕೆಂಪೂ ಅವರದೇ. 15 ದಿನ ಮೊದಲು ಬರೆದು ಕೊಡು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿದ್ದು ಸುಮ್ನೆ ಅಲ್ಲ. ಅರ್ಜಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸ್ಕೋಬೇಕು.”

“ನಮ್ಮ ಹಾಸನಾಂಬೆ ಯಾವ ಆ್ಯಪಲ್ಲಿ ಹಾಕ್ತಾಳೋ! ಗುಡಿ ಬಾಗಿಲು ತೆಗೆಯೋ ವರ್ಷಕ್ಕೆ 10–15 ದಿನ ಡ್ಯೂಟಿ, ಮಿಕ್ಕಿದ್ದೆಲ್ಲ ರಜೆ,” ಕಿಟ್ಟಿ ನಕ್ಕ.

“ಕಾಯ್ದೆ ಪ್ರಕಾರ ಅವಳಿಗೆ ಒಂದು ದಿನವೂ ಹುಟ್ಟಲ್ಲ ಕಣೋ. 20 ದಿನ ದುಡಿದ್ರೆ ಒಂದು ರಜೆ, ಅದೂ ಹಳೇ ಕಾಯ್ದೆಲಿ ವರ್ಷಕ್ಕೆ 240 ದಿನ ಕೆಲಸ ಆಗಿದ್ರೆ. 2020ರ ಹೊಸ ಕಾರ್ಮಿಕ ಸಂಹಿತೆ ಆ 240ನ್ನ 180ಕ್ಕೆ ಇಳಿಸ್ತು. ಆದ್ರೂ ಅಮ್ಮ ಪಾಸಾಗಲ್ಲ.”

“ಬಾಗಿಲು ಹಾಕಿದ್ರೂ ದೀಪ ಉರೀತಾನೇ ಇರುತ್ತೆ ಅಂತಾರಲ್ಲಣ್ಣ,” ಅಂದ ಮಂಜ.

“ಅದು ನೈಟ್ ಶಿಫ್ಟು. ಹಾಜರಿ ಹಾಕೋ ಸೂಪರ್‌ವೈಸರ್ ಇಲ್ಲ.” ವೆಂಕಣ್ಣ ಕೈ ಒರೆಸಿಕೊಂಡ. “ನಿನ್ನ ವಿಷಯಕ್ಕೆ ಬಾ. ರಜೆ ಕೂಡಿಡೋಕೆ 30 ದಿನದ ಮಿತಿ ಇದೆ. ಆದ್ರೆ ನೀನು ಕೇಳಿ, ಅವರು ಕೊಡದೇ ಹೋದ ರಜೆಗೆ ಆ ಮಿತಿ ಇಲ್ಲ, ಎಷ್ಟಾದ್ರೂ ಮುಂದಕ್ಕೆ ಹೋಗುತ್ತೆ. ಹಳೇ ಕಾಯ್ದೆಲೂ ಇದೆ, ಹೊಸದ್ರಲ್ಲೂ ಇದೆ.”

“ಇವನಿಗೆ ಕೊಟ್ಟಿದ್ರಲ್ಲ!” ಅಂದ ಕಿಟ್ಟಿ.

“ಕೊಟ್ಟು ಕಿತ್ಕೊಂಡದ್ದು ಕೊಟ್ಟ ಹಾಗೇನೋ? ಊಟಕ್ಕೆ ಕೂರಿಸಿ ಎಲೆ ಎಳಕೊಂಡ್ರೆ ಊಟ ಆಯ್ತು ಅಂತೀಯಾ? ಮಂಜ, ಇವತ್ತೇ ಬರಿ. ಯಾವತ್ತು ಮಂಜೂರಾಯ್ತು, ಯಾವತ್ತು ರದ್ದಾಯ್ತು, ಯಾಕೆ, ಬದಲಿಗೆ ಯಾವ ತಾರೀಖು. ಟಿಕೆಟ್ ರದ್ದಿನಿಂದ ಹೋದ ದುಡ್ಡೂ ಕೇಳು. ಕೊಡ್ತಾರೆ ಅಂತ ನಂಬ್ಕೋಬೇಡ, ಆದ್ರೆ ಕೇಳಿದ್ದು ಕಾಗದದ ಮೇಲಿರ್ಲಿ.”

“ರಜೆ ಮುಂದಕ್ಕೆ ಹೋಗುತ್ತಣ್ಣ. ಸೋದರಮಾವನ ತೊಡೆ ಮೇಲೇ ಕೂರಿಸ್ಬೇಕು ಅಂತ ತಂಗಿ ಕಾಯ್ತಾ ಕೂತವ್ಳೆ.” ಮಂಜ ಫೋನಲ್ಲಿ ಮಗುವಿನ ಫೋಟೊ ತೋರಿಸಿದ. “ಎರಡು ಜುಟ್ಟು ಕಟ್ಟವ್ಳೆ ನೋಡಿ. ಹೋದ ಸಲ ರಜೆ ಕ್ಯಾನ್ಸಲ್ ಆದಾಗ ಒಂದು ಕಟ್ಟೋಕೂ ಕೂದಲಿರ್ಲಿಲ್ಲ.”

ಫೋನು ಒಂದು ಸುತ್ತು ಹೋಗಿ ಬಂತು. ಕಿಟ್ಟಿ ಏನೂ ಅನ್ನದೆ ಜೇಬಿಂದ ಪೆನ್ನು ತೆಗೆದು ಮಂಜನ ಮುಂದಿಟ್ಟ.