ಅಟ್ಟದಿಂದ ಇಳಿದ ಮೊದಲ ಸೈಕಲ್: ರಿಪೇರಿ ಮಾಡಿಸಲೇ, ಹೊಸದು ಕೊಳ್ಳಲೇ?

ಕೇಳಿದವರು: ಪೊನ್ನಂಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮನೆ) ಅಟ್ಟ ಖಾಲಿ ಮಾಡುವಾಗ ಹಳೆಯ ಗೋಣಿಚೀಲಗಳ ಅಡಿಯಲ್ಲಿ ನನ್ನ 1995ರ ಹೀರೋ ರೇಂಜರ್ ಸೈಕಲ್ ಸಿಕ್ಕಿತು. ಫ್ರೇಮ್ ಗಟ್ಟಿಯಾಗಿದೆ. ಆದರೆ ಕ್ರೋಮ್ ರಿಮ್‌ಗಳಿಗೆ ತುಕ್ಕು ಹಿಡಿದಿದೆ, ಸೀಟಿನ ಕೊಳವೆ ಫ್ರೇಮಿನೊಳಗೆ ಕಚ್ಚಿಕೊಂಡು ಅಲುಗಾಡುತ್ತಿಲ್ಲ. ಪೇಟೆಯ ಅಂಗಡಿಯಲ್ಲಿ ₹4,500 ಆಗುತ್ತದೆ ಎಂದರು. ಹನ್ನೆರಡು ವರ್ಷದ ಮಗಳು ಇದನ್ನೇ ಓಡಿಸುತ್ತೇನೆಂದು ಹಟ ಹಿಡಿದಿದ್ದಾಳೆ; ಮನೆಯವರು ಗೇರ್ ಇರುವ ಹೊಸ ಸೈಕಲ್ ಕೊಡಿಸಿ ಎನ್ನುತ್ತಿದ್ದಾರೆ. ತಮ್ಮ ಮೊದಲ ಸೈಕಲನ್ನು ಹೀಗೆ ಮತ್ತೆ ಎಬ್ಬಿಸಿದವರು ಅಥವಾ ಕೈಬಿಟ್ಟವರು ದಯವಿಟ್ಟು ಅನುಭವ ಹೇಳಿ.

ಸುಂಟಿಕೊಪ್ಪದಿಂದ

ರಿಪೇರಿಯನ್ನೇ ಮಾಡಿಸಿ. ನಾನು ಮಾಡಿಸಿದ್ದೇನೆ. 1974ರಲ್ಲಿ, ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದ ನಮ್ಮ ತಂದೆ ₹310 ಕೊಟ್ಟು ಮೈಸೂರಿನಿಂದ 28 ಇಂಚಿನ ಅಟ್ಲಾಸ್ ಕೊಂಡು, ಬಸ್ಸಿನ ಮೇಲೆ ಹಗ್ಗದಲ್ಲಿ ಕಟ್ಟಿಸಿಕೊಂಡು ಬಂದಾಗ ಕೂಲಿಕಾರರ ಲೈನ್ ಮನೆಯ ಮಕ್ಕಳೆಲ್ಲ ರಸ್ತೆಗೆ ಬಂದು ನಿಂತಿದ್ದರು. ಬಾರಿನ ಮೇಲೆ ಕಾಲು ಹಾಕುವಷ್ಟು ಎತ್ತರ ನನಗಿರಲಿಲ್ಲ. ಎಡಗೈಯನ್ನು ಹ್ಯಾಂಡಲಿನ ಮೇಲಿಟ್ಟು, ಸೀಟನ್ನು ಬಲಗಂಕುಳಲ್ಲಿ ಅವಚಿಕೊಂಡು, ಬಲಗಾಲನ್ನು ಬಾರಿನ ಕೆಳಗಿನಿಂದ ಆಚೆಗೆ ತೂರಿಸಿ ಎರಡು ವರ್ಷ ಒಳಪೆಡಲ್ ಹೊಡೆದೇ ಕಲಿತೆ. ಕಾಫಿ ಕಣದಲ್ಲಿ ಸುತ್ತು ಹಾಕುವಾಗ ಚಡ್ಡಿಯ ಅಂಚಿಗೆ ಹತ್ತಿದ ಚೈನಿನ ಎಣ್ಣೆಯನ್ನು ಅವ್ವ ಬೂದಿ ಹಾಕಿ ತಿಕ್ಕಿದರೂ ಕಲೆ ಹೋಗಿರಲಿಲ್ಲ.

2019ರಲ್ಲಿ ಅದನ್ನು ಕೊಟ್ಟಿಗೆಯಿಂದ ಹೊರತೆಗೆದೆ. ಲೆಕ್ಕ ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿದೆ: ಎರಡು ಟೈರಿಗೆ ₹760, ಟ್ಯೂಬುಗಳಿಗೆ ₹260, ಮುಂದಿನ ಚಕ್ರಕ್ಕೆ 32 ಮತ್ತು ಹಿಂದಿನದಕ್ಕೆ 40 ಸೇರಿ 72 ಕಡ್ಡಿಗಳಿಗೆ ₹252, ಫ್ರೀವೀಲಿಗೆ (ಹಿಂದಿನ ಹಲ್ಲುಚಕ್ರ) ₹180, ಚೈನಿಗೆ ₹220, ಪೆಡಲ್ ಅಚ್ಚು, ಅದರ ಬೇರಿಂಗ್ ಕಪ್, ಗೋಲಿಗಳಿಗೆ ₹240, ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಎರಡು ಕಾಟರ್ ಪಿನ್ನಿಗೆ ₹40. ಹಳೆಯ ಕಾಟರ್ ಪಿನ್ನುಗಳಲ್ಲಿ ಒಂದು ಒಳಗೇ ಮುರಿದು ನಿಂತಿದ್ದರಿಂದ ಅದನ್ನು ಕುಶಾಲನಗರದ ಲೇತ್‌ನಲ್ಲಿ ಕೊರೆಸಿ ತೆಗೆಸಲು ಬೇರೆ ₹350 ಕೊಟ್ಟೆ. ರಿಮ್ ಮತ್ತು ಹ್ಯಾಂಡಲಿಗೆ ಮೈಸೂರಿನಲ್ಲಿ ಪಾಲಿಶ್ ಕೊಡಿಸಲು ₹1,900, ಬಣ್ಣಕ್ಕೆ ₹1,400, ಕೂಲಿ ₹1,200. ಒಟ್ಟು ₹6,802. ಒಂದು ಪೈಸೆಯೂ ವ್ಯರ್ಥವಾಯಿತೆಂದು ನನಗೆ ಅನ್ನಿಸಿಲ್ಲ. ದಪ್ಪ ಟೈರಿನ ಈಚಿನ ಸೈಕಲ್‌ಗಳು ಎಂದಿಗೂ ಹೀಗೆ ಐವತ್ತು ವರ್ಷ ಬಾಳುವುದಿಲ್ಲ.

ಅಮ್ಮತ್ತಿಯಿಂದ

ಸುಂಟಿಕೊಪ್ಪದ ಅಣ್ಣನವರು ಎಲ್ಲ ಲೆಕ್ಕ ಬರೆದು ಬ್ರೇಕಿನ ಬಗ್ಗೆ ಒಂದು ಮಾತನ್ನೂ ಬರೆಯಲಿಲ್ಲ. ನಾನು ಅದನ್ನೇ ಹೇಳಬೇಕಾಗಿದೆ.

1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿಯ ಬೆಲೆ ಏರಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಅದಕ್ಕೆ ಮುಂಚೆ ಸರ್ಕಾರದ ಕಾಫಿ ಮಂಡಳಿಗೆ ಕಾಫಿ ಕೊಟ್ಟು ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ನಮ್ಮಪ್ಪ ಆ ಸಲ ಒಟ್ಟಿಗೆ ದುಡ್ಡು ಕಂಡರು. ಮುಂದಿನ ಮೇ ತಿಂಗಳಲ್ಲಿ ಅಣ್ಣನಿಗೆ ಒಂದು, ನನಗೆ ಒಂದು, ನೇರ ಹ್ಯಾಂಡಲಿನ ದಪ್ಪ ಟೈರಿನ ಸೈಕಲ್ ಮನೆಗೆ ಬಂದವು. ಹುಡುಗಿಗೆ ಬಾರ್ ಇರುವ ಸೈಕಲ್ ಏಕೆ ಎಂದು ಅಜ್ಜಿ ಕೇಳಿದ್ದಕ್ಕೆ ಅಪ್ಪ ಉತ್ತರಿಸಲೂ ಇಲ್ಲ. ಆ ಹೆಮ್ಮೆ ಇವತ್ತಿಗೂ ನನ್ನಲ್ಲಿದೆ.

ಆದರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ನಮ್ಮ ತೋಟದ ಇಳಿಜಾರಿನಲ್ಲಿ ಎರಡು ಬ್ರೇಕುಗಳನ್ನೂ ಹ್ಯಾಂಡಲಿಗೆ ತಾಗುವಷ್ಟು ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಒದ್ದೆಯಾದ ಕ್ರೋಮಿನ ಮೇಲೆ ರಬ್ಬರ್ ಸುಮ್ಮನೆ ಜಾರುತ್ತದೆ. ರಿಮ್ಮಿನ ನೀರು ಒರೆಸಿಹೋಗಿ ಹಿಡಿತ ಸಿಗುವಷ್ಟರಲ್ಲಿ ತಿರುವು ಮುಗಿದಿರುತ್ತದೆ. ನಾನು ಸಿಲ್ವರ್ ಓಕ್ ಮರಕ್ಕೆ ಬಡಿದು ಕೊರಳೆಲುಬು ಮುರಿದುಕೊಂಡೆ. ಆರು ವಾರ ಶಾಲೆ ತಪ್ಪಿತು, ಆಸ್ಪತ್ರೆಗೆ ₹2,300 ಆಯಿತು. ಆಗ ಸೈಕಲಿನ ಬೆಲೆ ₹1,850.

ಹತ್ತು ವರ್ಷದ ಹಿಂದೆ ಅದೇ ಸೈಕಲಿಗೆ ಕ್ರೋಮಿನ ಬದಲು ಅಲಾಯ್ (ಅಲ್ಯೂಮಿನಿಯಂ) ರಿಮ್ ಹಾಕಿಸಹೋಗಿ ಇನ್ನೊಂದು ಪೆಟ್ಟು ತಿಂದೆ. 26 ಇಂಚಿನ ಟೈರ್ ಕೊಡಿ ಎಂದು ಹೇಳಿ ತಂದ ಎರಡು ಟೈರುಗಳು ರಿಮ್ಮಿಗೆ ಕೂರಲೇ ಇಲ್ಲ. ತೆಳು ಟೈರಿನ 26 × 1⅜ಕ್ಕೆ ರಿಮ್ಮಿನ ಅಳತೆ 590 ಮಿ.ಮೀ., ದಪ್ಪ ಟೈರಿನ 26 × 2.125ಕ್ಕೆ 559 ಮಿ.ಮೀ.; ಎರಡನ್ನೂ 26 ಎಂದೇ ಕರೆಯುತ್ತಾರೆ. ಅಂಗಡಿಯವರು ಮರಳಿ ಪಡೆಯಲಿಲ್ಲ. ₹560 ನೀರಿಗೆ ಹೋಯಿತು.

ಮಡಿಕೇರಿಯಿಂದ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಮ್ಮಲ್ಲಿ ಆಗ ಮೌಂಟೇನ್ ಬೈಕ್ ಎಂದು ಮಾರಿದವು ರೂಪದಲ್ಲಿ ಮಾತ್ರ ಮೌಂಟೇನ್ ಬೈಕುಗಳಾಗಿದ್ದವು. ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ 1976ರಿಂದ ಹುಡುಗರು ಹಳೆಯ ಭಾರದ ಸೈಕಲ್‌ಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟುತ್ತಿದ್ದರು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಇಳಿಜಾರಿನಲ್ಲಿ ಕಾದು, ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಾಗಿದ್ದರಿಂದ ಆ ದಾರಿಗೇ ರೀಪ್ಯಾಕ್ ಎಂಬ ಹೆಸರು ಬಂತು. ಜೋ ಬ್ರೀಝ್ 1977ರಲ್ಲಿ ಈ ಕೆಲಸಕ್ಕೆಂದೇ ಫ್ರೇಮ್ ಕಟ್ಟಿದರು, 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು. ಅವುಗಳ ಜೀವಾಳವೇ ಗೇರ್.

ಚೈನ್ ಓಡುವ ಹಲ್ಲುಚಕ್ರಗಳಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ 26 ಇಂಚಿನ ಚಕ್ರ ಸುಮಾರು ಐದು ಮೀಟರ್ ಹೋಗಬೇಕು. ನಮ್ಮ ಏರಿನಲ್ಲಿ ಮಗುವಿನ ಮಂಡಿಗೆ ಅದು ಶಿಕ್ಷೆ. ಮುಂದೆ 28, ಹಿಂದೆ 28 ಇದ್ದರೆ ಎರಡೇ ಮೀಟರ್. ನಾನು 2009ರಲ್ಲಿ ₹14,500 ಕೊಟ್ಟು 21 ಗೇರಿನ ಸೈಕಲ್ ತಂದ ಮೇಲೆಯೇ ಸಂಪಾಜೆಯಿಂದ ಮಡಿಕೇರಿಗೆ ಇಳಿಯದೆ ತಳ್ಳದೆ ಹತ್ತಿದ್ದು. ತೊಂದರೆ ಇಲ್ಲವೆಂದಲ್ಲ: ಹಿಂದಿನ ಗೇರನ್ನು ಹಿಡಿದಿರುವ ಕೊಕ್ಕೆ ಮೂರು ಸಲ ಬಾಗಿತು, ಪ್ರತಿ ಸಲವೂ ಬೆಂಗಳೂರಿನಿಂದ ತರಿಸಲು ಹದಿನೈದು ದಿನ ಹಿಡಿಯಿತು, ಮಳೆಗಾಲದ ಕೆಸರಿಗೆ ವರ್ಷಕ್ಕೊಂದು ಚೈನ್ ಹೋಯಿತು. ಆದರೂ ಹೊಸದನ್ನೇ ಕೊಡಿಸಿ. ಐವತ್ತು ವರ್ಷ ಬಾಳಿದ ಸೈಕಲ್ ಎಂದರೆ ಬಹುಪಾಲು ಐವತ್ತು ವರ್ಷ ಏರಿನಲ್ಲಿ ತಳ್ಳಿದ ಸೈಕಲ್.

ಸುಂಟಿಕೊಪ್ಪದಿಂದ

ಮಡಿಕೇರಿಯವರ ಕೊನೆಯ ವಾಕ್ಯ ನನಗೆ ನೋವು ತಂದಿದೆ. ಹೌದು, ತಳ್ಳಿದ್ದೇವೆ. ಕ್ಯಾರಿಯರ್ ಮೇಲೆ ಐವತ್ತು ಕಿಲೋ ಅಕ್ಕಿಮೂಟೆ ಕಟ್ಟಿ, ಮಳೆಗೆ ತಲೆಯ ಮೇಲೆ ಗೊರಬೆ (ಎಲೆಯ ಮಳೆಹೊದಿಕೆ) ಹಾಕಿಕೊಂಡು ನಮ್ಮ ತಂದೆ ಅದನ್ನು ಏರಿನಲ್ಲಿ ತಳ್ಳಿದ್ದರಿಂದಲೇ ನಾವು ಊಟ ಮಾಡಿದೆವು. ತಾವು ಹೊಗಳಿದ ಆ ಕ್ಯಾಲಿಫೋರ್ನಿಯದ ಹುಡುಗರೂ ಹಳೆಯ ಭಾರದ ಸೈಕಲ್ ಮೇಲೆಯೇ ಶುರುಮಾಡಿದರೆಂದು ತಾವೇ ಬರೆದಿದ್ದೀರಿ. ಬೆಟ್ಟ ಹತ್ತಿದ ಸೈಕಲ್ ಬೆಟ್ಟದ ಸೈಕಲ್ ಅಲ್ಲವೆಂದರೆ ಹೇಗೆ?

ಅಮ್ಮತ್ತಿಯ ತಂಗಿಗೆ: ಬ್ರೇಕಿನ ಮಾತು ನಿಜ. ತಂತಿಯ ಬದಲು ಕಬ್ಬಿಣದ ಸರಳಿನಿಂದ ಎಳೆಯುವ ನಮ್ಮ ಕಡ್ಡಿ ಬ್ರೇಕಿನ ಕಥೆಯೂ ಅದೇ, ಮಳೆ ಬಂದರೆ ಕಾಲೇ ಬ್ರೇಕು. ಬರೆಯದೇ ಬಿಟ್ಟದ್ದು ನನ್ನ ತಪ್ಪು.

ಮಡಿಕೇರಿಯಿಂದ

ತಮ್ಮ ತಂದೆಯವರ ವಿಷಯ ನಾನು ಎತ್ತಿಲ್ಲ. ಹಳೆಯ ಸೈಕಲ್ ಎಬ್ಬಿಸಲು ₹6,802 ಸುರಿಯುವಂತೆ ಹನ್ನೆರಡು ವರ್ಷದ ಮಗುವಿನ ಅಪ್ಪನಿಗೆ ಹೇಳುವುದು ಸರಿಯಲ್ಲ ಎಂದಷ್ಟೇ ನನ್ನ ವಾದ. ಬಣ್ಣ, ಪಾಲಿಶ್ ಸೇರಿ ಅದರಲ್ಲಿ ₹3,300 ಬರೀ ಹೊಳಪಿಗೆ ಹೋಗಿದೆ. ಅಂಗಡಿಯವರು ಹೇಳಿದ ₹4,500 ಕೂಡ ಸುಲಿಗೆಯೇ.

ಸೋಮವಾರಪೇಟೆಯಿಂದ

ಸುಲಿಗೆ ಎಂದು ಬರೆಯುವವರು ಒಂದು ದಿನ ಅಂಗಡಿಯಲ್ಲಿ ಕೂರಬೇಕು. ನಮ್ಮ ತಂದೆ ಮೂವತ್ತು ವರ್ಷ ಸೈಕಲ್ ರಿಪೇರಿ ಮಾಡಿದವರು, ಬಾಡಿಗೆಗೂ ಕೊಡುತ್ತಿದ್ದರು, ಗಂಟೆಗೆ ಐವತ್ತು ಪೈಸೆ. ತುಕ್ಕು ಹಿಡಿದ ಚಕ್ರದ ಬೆಂಡು ತೆಗೆಯುವುದೆಂದರೆ ಏನೆಂದು ಹೇಳುತ್ತೇನೆ: ಪ್ರತಿ ಕಡ್ಡಿಯ ನಿಪ್ಪಲಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು, ಬೆಳಿಗ್ಗೆ ಚಕ್ರ ತಿರುಗಿಸಿ ಸೀಮೆಸುಣ್ಣದ ತುಂಡನ್ನು ರಿಮ್ಮಿನ ಹತ್ತಿರ ಹಿಡಿಯಬೇಕು, ಬಿಳಿ ಗೆರೆ ಎಲ್ಲಿ ಬೀಳುತ್ತದೋ ಅಲ್ಲಿ ಎದುರು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಬೇಕು. ಆತುರಪಟ್ಟರೆ ಕಡ್ಡಿ ಪಟ್ಟನೆ ತುಂಡಾಗುತ್ತದೆ. ಅದರ ದುಡ್ಡನ್ನು ಗಿರಾಕಿ ಕೊಡುವುದಿಲ್ಲ. ಒಂದು ಚಕ್ರಕ್ಕೆ ಅರ್ಧ ದಿನ ಬೇಕು. ನಮ್ಮ ತಂದೆ ಅದಕ್ಕೆ ಎಂಟು ರೂಪಾಯಿ ಕೇಳಿದರೆ ಆರು ಕೊಟ್ಟು ಹೋದವರು ಎಸ್ಟೇಟ್ ಜೀಪಿನಲ್ಲಿ ಬಂದವರೇ.

ಪೊನ್ನಂಪೇಟೆಯವರಿಗೆ ಕೆಲಸದ ಮಾತು: ಸೀಟಿನ ಕೊಳವೆಗೆ ಸುತ್ತಿಗೆಯ ಏಟು ಬೇಡ. ಸೈಕಲನ್ನು ತಲೆಕೆಳಗು ಮಾಡಿ, ಪೆಡಲ್ ಅಚ್ಚನ್ನು ಬಿಚ್ಚಿ, ಆ ತೂತಿನಿಂದ ಕೊಳವೆಯೊಳಗೆ ಎಣ್ಣೆ ಇಳಿಯಬಿಟ್ಟು ಎರಡು ದಿನ ಬಿಡಿ. ಆಮೇಲೆ ನೆಟ್ಟಗೆ ನಿಲ್ಲಿಸಿ, ಸೀಟನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ. ಮೇಲಕ್ಕೆ ಎಳೆಯಬೇಡಿ.

ಮಕ್ಕಂದೂರಿನಿಂದ

ನಮ್ಮ ಸೈಕಲ್ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮನೆಯೊಂದಿಗೆ ಹೋಯಿತು. ಹಸಿರು ಬಣ್ಣದ ಬಿಎಸ್‌ಎ ಎಸ್‌ಎಲ್‌ಆರ್, ಡೈನಮೋ ಇತ್ತು. ಆರು ತಿಂಗಳ ನಂತರ ಮಣ್ಣು ತೆಗೆಯುವಾಗ ಬೆಲ್ಲು ಮಾತ್ರ ಸಿಕ್ಕಿತು. ಸೈಕಲ್ ಕೈಯಲ್ಲಿರುವವರು ಪಾಲಿಶಿನ ಬೆಲೆಗೆ ಇಷ್ಟು ಜಗಳವಾಡುವುದನ್ನು ಓದಲು ಕಷ್ಟವಾಗುತ್ತದೆ.

ಪೊನ್ನಂಪೇಟೆಯಿಂದ

ಸೋಮವಾರಪೇಟೆಯವರು ಹೇಳಿದಂತೆ ಮಾಡಿದೆ. ಮೂರನೆಯ ದಿನ ಸಂಜೆ ಕೊಳವೆ ಕೀರೆಂದು ಒಂದು ನೂಲಿನಷ್ಟು ತಿರುಗಿತು, ನಿನ್ನೆ ಪೂರ್ತಿ ಹೊರಬಂತು. ಟೈರಿನ ಪಕ್ಕದ ಮಣ್ಣು ಉಜ್ಜಿದಾಗ 26 × 2.125 ಎಂಬ ಅಕ್ಷರ ಕಂಡಿತು, ಹಾಗಾಗಿ 559ರ ಅಲಾಯ್ ರಿಮ್‌ಗಳನ್ನೇ ಕೇಳಿದ್ದೇನೆ. ಹಳೆಯ ಹಬ್ಬುಗಳಿಗೆ ಕಡ್ಡಿ ಕಟ್ಟುವುದೂ ಸೇರಿ ₹2,900 ಎಂದಿದ್ದಾರೆ. ಬಣ್ಣ ಹಾಗೆಯೇ ಇರಲಿ. ಹಿಂದಿನ 18 ಹಲ್ಲಿನ ಬದಲು 22 ಹಲ್ಲಿನ ಫ್ರೀವೀಲ್ ಹಾಕಿದರೆ ಏರಿನಲ್ಲಿ ಮಗಳಿಗೆ ಹಗುರವಾಗಬಹುದೇ, ಅದಕ್ಕೆ ಚೈನನ್ನು ಎಷ್ಟು ಉದ್ದ ಮಾಡಬೇಕು?

ಸೋಮವಾರಪೇಟೆಯಿಂದ

ಹಗುರವಾಗುತ್ತದೆ, ಐದು ಮೀಟರಿನದು ನಾಲ್ಕರ ಹತ್ತಿರ ಬರುತ್ತದೆ. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಿ, ಚಕ್ರವನ್ನು ಹಿಂದಕ್ಕೆ ಸರಿಸಿ ನೋಡಿ. ಚೈನನ್ನು ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಆಡಬೇಕು.

ಮಡಿಕೇರಿಯಿಂದ

22 ಹಲ್ಲು ಸಾಕಾಗುವುದಿಲ್ಲ.