ಆಫ್ರಿಕಾ ಮೂಲದವರ ಇತಿಹಾಸವನ್ನು ನಮ್ಮ ಶಾಲೆಯಲ್ಲಿ ಹೇಗೆ ಆಚರಿಸಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಸಿಂಧನೂರು ತಾಲ್ಲೂಕು

ಶಿಕ್ಷಕ ಬಂಧುಗಳಿಗೆ ನಮಸ್ಕಾರ. ಅಮೆರಿಕದ ಇತಿಹಾಸಕಾರ ಕಾರ್ಟರ್ ವುಡ್ಸನ್ ಅವರು 1926ರಲ್ಲಿ ಫೆಬ್ರುವರಿಯ ಒಂದು ವಾರವನ್ನು ಕಪ್ಪು ಜನರ ಇತಿಹಾಸಕ್ಕೆ ಮೀಸಲಿಟ್ಟರು. 1976ರಿಂದ ಅದು ಇಡೀ ತಿಂಗಳ ಆಚರಣೆಯಾಗಿದೆ. ಪಠ್ಯದಲ್ಲಿ ತಮ್ಮವರ ಸಾಧನೆಯ ಸುಳಿವೇ ಸಿಗದ ಮಕ್ಕಳು ತಮ್ಮನ್ನು ತಾವೇ ಕೀಳಾಗಿ ಕಾಣತೊಡಗುತ್ತಾರೆ ಎಂಬುದು ವುಡ್ಸನ್ ಅವರ ಕಳಕಳಿಯಾಗಿತ್ತು. ನಮ್ಮ ಒಂಬತ್ತನೆಯ ತರಗತಿಯಲ್ಲಿ ಮೈಬಣ್ಣವನ್ನೇ ಅಡ್ಡಹೆಸರು ಮಾಡಿ ಕರೆಯುವ ರೂಢಿ ಇದೆ. ಹಾಜರಿ ಕೂಗುವಾಗ ಒಬ್ಬ ವಿದ್ಯಾರ್ಥಿನಿಯ ಸರದಿ ಬಂದರೆ ಹಿಂದಿನ ಬೆಂಚಿನಿಂದ ಆ ಅಡ್ಡಹೆಸರು ಕೇಳಿಬರುತ್ತದೆ, ಅವಳು ತಲೆ ತಗ್ಗಿಸಿಯೇ ಉತ್ತರಿಸುತ್ತಾಳೆ. ಬೈದು ನಿಲ್ಲಿಸುವುದಕ್ಕಿಂತ ಕಲಿಸಿ ನಿಲ್ಲಿಸಬೇಕೆಂದು ನನ್ನ ಆಸೆ. ಆದರೆ ಫೆಬ್ರುವರಿಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ ಇರುತ್ತದೆ. ಸಹೋದ್ಯೋಗಿಗಳು ಛದ್ಮವೇಷ ಸ್ಪರ್ಧೆ ಇಟ್ಟರೆ ಸಾಕೆನ್ನುತ್ತಾರೆ. ಇದನ್ನು ಹೇಗೆ ಮಾಡಿದರೆ ಮಕ್ಕಳ ಮನಸ್ಸಿಗೆ ತಟ್ಟುತ್ತದೆ?

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಬಳ್ಳಾರಿ

ಮೇಡಂ ಅವರೇ, ತಿಂಗಳಿನ ಬಗ್ಗೆ ಚಿಂತೆ ಬೇಡ. ಬ್ರಿಟನ್ನಿನಲ್ಲಿ ಇದೇ ಆಚರಣೆ ಅಕ್ಟೋಬರಿನಲ್ಲಿ ನಡೆಯುತ್ತದೆ. ನಮ್ಮ ಶಾಲೆಗಳಿಗೆ ಆಗಸ್ಟ್ 23 ಹೆಚ್ಚು ಅನುಕೂಲ. 1791ರಲ್ಲಿ ಈಗಿನ ಹೈಟಿಯ ಗುಲಾಮರು ದಂಗೆ ಎದ್ದದ್ದರ ನೆನಪಿಗೆ ಯುನೆಸ್ಕೊ ಆ ದಿನವನ್ನು ಗುಲಾಮರ ವ್ಯಾಪಾರ ಮತ್ತು ಅದರ ನಿರ್ಮೂಲನೆಯ ಸ್ಮರಣೆಗೆ ಗೊತ್ತುಪಡಿಸಿದೆ.

ನನ್ನ ಮುಖ್ಯ ಮಾತೆಂದರೆ, ಆಫ್ರಿಕಾದವರನ್ನು ದೂರದ ದೇಶದ ನತದೃಷ್ಟರೆಂದು ಪರಿಚಯಿಸದೆ, ದಖ್ಖನಿನ ಇತಿಹಾಸದೊಳಗಿನವರೆಂದೇ ಪರಿಚಯಿಸಬೇಕು. ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿ, ಬಾಲ್ಯದಲ್ಲೇ ಗುಲಾಮನಾಗಿ ಮಾರಾಟವಾಗಿ, ಅರಬ್ ನಾಡುಗಳನ್ನು ಹಾದು ದಖ್ಖನಿಗೆ ಬಂದ ಮಲಿಕ್ ಅಂಬರ್, ಕೆಲಕಾಲ ವಿಜಯಪುರದ ಆದಿಲ್‌ಶಾಹಿ ಸೇವೆಯಲ್ಲಿದ್ದು, ಮುಂದೆ ಅಹಮದ್‌ನಗರದ ನಿಜಾಮ್‌ಶಾಹಿಯ ಆಡಳಿತದ ಚುಕ್ಕಾಣಿಯನ್ನೇ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಘಲ್ ಸೈನ್ಯಕ್ಕೆ ಸುಲಭವಾಗಿ ದಕ್ಷಿಣಕ್ಕೆ ಕಾಲಿಡಲು ಬಿಡಲಿಲ್ಲ. ಅವನು 1610ರಲ್ಲಿ ಕಟ್ಟಿಸಿದ ಖಡ್ಕಿ ಎಂಬ ಊರೇ ನಂತರ ಔರಂಗಾಬಾದ್ ಆಯಿತು, ಅಲ್ಲಿಗೆ ನೆಲದಡಿಯ ಕಾಲುವೆಗಳಿಂದ ನೀರು ತಂದವನೂ ಅವನೇ. ತುಂಗಭದ್ರಾ ಕಾಲುವೆಗೆ ನೀರು ಬಿಡುವ ದಿನವನ್ನು ಕಾಯುವ ಸಿಂಧನೂರಿನ ರೈತರ ಮಕ್ಕಳಿಗೆ ಈ ಮಾತಿನ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಆದೋನಿ. 1953ರವರೆಗೆ ಅದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆದಿಲ್‌ಶಾಹಿಯ ಕೊನೆಯ ದಶಕಗಳಲ್ಲಿ ಆ ಕೋಟೆಯನ್ನು ಆಳಿದ ಸಿದ್ದಿ ಮಸೂದ್ ಖಾನ್ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು; ಅಲ್ಲಿನ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ಒಂದು ದಿನದ ಶೈಕ್ಷಣಿಕ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ.

ಉತ್ತರ: ಪಾಲಕರು, ರಾಯಚೂರು

ಛದ್ಮವೇಷ ಖಂಡಿತ ಬೇಡ. ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ ಮಕ್ಕಳನ್ನು ವೇದಿಕೆಗೆ ಹತ್ತಿಸಿದರೆ ಸಭೆ ನಗುತ್ತದೆ, ಆ ಅಡ್ಡಹೆಸರು ಇನ್ನಷ್ಟು ಗಟ್ಟಿಯಾಗುತ್ತದೆ. 19ನೆಯ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಹೀಗೆಯೇ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡಿ ಹಣ ಗಳಿಸುತ್ತಿದ್ದರು.

ಇನ್ನೊಂದು ಎಚ್ಚರಿಕೆ. ನಮ್ಮೂರಿನ ಏಕ್ ಮಿನಾರ್ ಮಸೀದಿಯ ಶಾಸನದಲ್ಲಿ ಅದನ್ನು ಕಟ್ಟಿಸಿದವನ ಹೆಸರು ಅಂಬರ್ ಎಂದಿದೆ. ಅದು 1513ರ ಶಾಸನ, ಮಲಿಕ್ ಅಂಬರ್ ಹುಟ್ಟುವುದಕ್ಕೂ ಮೂರು ದಶಕ ಹಿಂದಿನದು. ಇಬ್ಬರನ್ನೂ ಒಂದು ಮಾಡಿ ಹೇಳಿದರೆ ಮಕ್ಕಳಿಗೆ ತಪ್ಪು ಇತಿಹಾಸ ಕಲಿಸಿದಂತಾಗುತ್ತದೆ.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕ, ಯಲ್ಲಾಪುರ (ಊರು ಗಂಗಾವತಿ)

ನಾನು ಕೆಲಸ ಮಾಡುವ ತಾಲ್ಲೂಕಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಬಹುಪಾಲು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರು. ಇವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕನ್ನಡ ಮಾತಾಡುವ ಈ ಮಕ್ಕಳನ್ನು ಬಸ್ಸಿನಲ್ಲಿ ಯಾರಾದರೂ 'ನೀವು ಯಾವ ದೇಶದವರು?' ಎಂದು ಕೇಳಿದಾಗ ಅವರ ಮುಖ ಬಾಡುವುದನ್ನು ನೋಡಿದ್ದೇನೆ. ಆ ಪ್ರಶ್ನೆ ಹುಟ್ಟದಂತೆ ಮಾಡುವುದು ನಮ್ಮ ಪಾಠದ ಹೊಣೆ.

ನಿಮ್ಮ ಮಕ್ಕಳ ಕೈಗೆ ಕೆಲಸ ಕೊಡಲು ಒಂದು ದಾರಿಯಿದೆ. ನಮ್ಮ ಕಡೆ ಮನೆಮನೆಯಲ್ಲೂ ಕೌದಿ ಇದೆ, ಸಿದ್ದಿ ಹೆಂಗಸರೂ ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅವರು ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ; ಮೂಲೆಗಳಿಗೆ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಾಕಾರಕ್ಕೆ ಮಡಚಿದ ಹೂವು ಕೂರಿಸದೆ ಕೌದಿ ಮುಗಿಯಿತೆನ್ನುವುದಿಲ್ಲ. ಮಕ್ಕಳು ಮನೆಯ ಕೌದಿ ತಂದು, ಅಜ್ಜಿಯರನ್ನೂ ಕರೆತಂದು, ಎರಡೂ ಬಗೆಯ ಹೊಲಿಗೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.

ಉತ್ತರ: ಕನ್ನಡ ಶಿಕ್ಷಕಿ, ಕೊಪ್ಪಳ

ಎಲ್ಲರ ಮಾತೂ ಸರಿ. ಹೋರಾಟದ ನಂಟನ್ನೂ ಮರೆಯಬಾರದು. ಜೋತಿಬಾ ಫುಲೆ ಅವರು 1873ರ ತಮ್ಮ 'ಗುಲಾಮಗಿರಿ'ಯನ್ನು ಕಪ್ಪು ಜನರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಅಲ್ಲಿನ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಮೈಬಣ್ಣದ ಅವಮಾನವೂ ಜಾತಿಯ ಅವಮಾನವೂ ಒಂದೇ ಬೆಂಚಿನಲ್ಲಿ ಕೂತಿರುವ ನಮ್ಮ ತರಗತಿಗಳಲ್ಲಿ ಈ ಪತ್ರವ್ಯವಹಾರದ ಪಾಠ ಅತ್ಯಗತ್ಯ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಛದ್ಮವೇಷವನ್ನು ಕೈಬಿಟ್ಟು, ಆಗಸ್ಟ್ 23ರ ವಾರದಲ್ಲಿ ಮಲಿಕ್ ಅಂಬರನ ಪಾಠ ಮತ್ತು ಕೌದಿ ಪ್ರದರ್ಶನ ಇಡಲು ಮುಖ್ಯೋಪಾಧ್ಯಾಯರಿಗೆ ಮನವಿ ಕೊಡುತ್ತೇನೆ. ಯಲ್ಲಾಪುರದ ಗುರುಗಳೇ, ಕೌದಿ ಹೊಲಿಯುವ ಒಬ್ಬಿಬ್ಬರು ಸಿದ್ದಿ ತಾಯಂದಿರು ನಮ್ಮ ಶಾಲೆಗೆ ಬರಲು ಒಪ್ಪುವರೇ? ಪ್ರಯಾಣದ ಖರ್ಚು, ಗೌರವಧನ ಹೊಂದಿಸುವ ಬಗ್ಗೆ ಎಸ್‌ಡಿಎಂಸಿ ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ.