ಸಹಾಯ ಬೇಕು: ಪೆಡಲ್ ಬಿಟ್ಟರೂ ಬ್ರೇಕ್ ಬಿಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಎಸ್‌ಯುವಿಗೆ 10 ವರ್ಷ. ಎರಡು ವಾರದಿಂದ ಮುಂದಿನ ಎಡ ಚಕ್ರದ ಬ್ರೇಕ್ ಹಿಡಿದುಕೊಳ್ಳುತ್ತಿದೆ. ಹೊರಟಾಗ ಏನೂ ಇಲ್ಲ. 20 ಕಿಲೋಮೀಟರ್ ಆದ ಮೇಲೆ ಗಾಡಿ ಎಡಕ್ಕೆ ಎಳೆಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೈಲೇಜ್ ಬೇರೆ ಇಳಿದಿದೆ.

ಮೊದಲು ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚಿದೆ. ಅದು ಜಾರುವ ಒಂದು ಸ್ಲೈಡ್ ಪಿನ್ ತುಕ್ಕು ಹಿಡಿದು ಬಿಗಿಯಾಗಿತ್ತು. ಅದನ್ನು ಉಜ್ಜಿ, ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿದೆ. ಗೆದ್ದೆ ಅಂದುಕೊಂಡೆ. ಮೂರೇ ದಿನ, ಮತ್ತೆ ಅದೇ ಕಥೆ.

ನಿನ್ನೆ ಬಿಸಿ ಇರುವಾಗಲೇ ಜ್ಯಾಕ್ ಹಾಕಿ ಚಕ್ರ ತಿರುಗಿಸಿದೆ. ಊಹೂಂ, ಅಲುಗಲಿಲ್ಲ. ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿದ ತಕ್ಷಣ ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಹಗುರವಾಗಿ ತಿರುಗಿತು. ಅಂದರೆ ಕ್ಯಾಲಿಪರ್ ಒಳಗೆ ಪ್ಯಾಡ್ ತಳ್ಳುವ ಪಿಸ್ಟನ್ ಸಿಕ್ಕಿಕೊಂಡಿಲ್ಲ, ಒತ್ತಡವೇ ವಾಪಸ್ ಹೋಗುತ್ತಿಲ್ಲ, ಅಲ್ವಾ? ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಹೋಸ್ ಒಳಗೇ ಊದಿಕೊಂಡು ಆಯಿಲ್ ತಡೆಯುತ್ತಿರಬಹುದು. ಹೊರಗೆ ಒಂದು ಬಿರುಕೂ ಕಾಣುವುದಿಲ್ಲ.

ತಲೆ ಕೆಡಿಸಿರುವುದು ಇನ್ನೊಂದು. ದೂರ ಓಡಿಸಿದರೆ ಬಲ ಚಕ್ರವೂ ಎಂದಿಗಿಂತ ಜಾಸ್ತಿ ಬಿಸಿಯಾಗುತ್ತದೆ, ಪೆಡಲ್ ಒತ್ತಿದರೆ ಮೇಲೇ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾದರೆ ದೋಷ ಮಾಸ್ಟರ್ ಸಿಲಿಂಡರ್‌ನಲ್ಲಿ (ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಇರಬಹುದಾ? ಇಲ್ಲ, ಪೆಡಲ್ ಬಲ ಹೆಚ್ಚಿಸುವ ಬೂಸ್ಟರ್‌ನ ಪುಶ್ ರಾಡ್‌ಗೆ (ಮಾಸ್ಟರ್ ಸಿಲಿಂಡರ್ ಒತ್ತುವ ಕಡ್ಡಿ) ಗ್ಯಾಪ್ ಸಾಲುತ್ತಿಲ್ಲವಾ?

ಇನ್ನೊಮ್ಮೆ ಹಿಡಿದಾಗ, ಹೋಸ್‌ಗಿಂತ ಮೇಲಿನ ಲೋಹದ ಪೈಪಿನ ನಟ್ ಸಡಿಲಿಸಿ ನೋಡಬೇಕು ಅಂತಿದ್ದೇನೆ. ಆಗ ಚಕ್ರ ಬಿಟ್ಟರೆ ದೋಷ ಮೇಲೆ, ಮಾಸ್ಟರ್ ಸಿಲಿಂಡರ್ ಕಡೆ ಇದೆ, ಬಿಡದಿದ್ದರೆ ಹೋಸ್. ಲೆಕ್ಕ ಸರಿಯಾ? ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ ಬದಲಿಸಿದರೆ ಆಯಿಲ್ ಪೈಪಿನೊಳಗಿನ ಗಾಳಿ ತೆಗೆಯಲು ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಉಪಕರಣ) ಬೇಕೇ ಬೇಕಾ? ಸುಮ್ನೆ ಒಂದೊಂದೇ ಭಾಗ ಬದಲಿಸುತ್ತಾ ಕೂರಲು ಮನಸ್ಸಿಲ್ಲ. ಮಕ್ಕಳು ಕೂರುವ ಗಾಡಿ, ಸದ್ಯಕ್ಕೆ ಹೊರಗೆ ತೆಗೆಯುತ್ತಿಲ್ಲ. ಇದನ್ನು ಸರಿ ಮಾಡಿದವರು ದಯವಿಟ್ಟು ಹೇಳಿ.